ಐತಾಳರ ಸೊಟ್ಟ ಬೈತಲೆ

ನಮ್ಮೂರಲ್ಲಿ ಕಟಿಂಗ್ ಶಾಪ್ ಇಡುವವನಿಗೆ ಮೊದಲು ಬೇಕಾದದ್ದು ಒಳ್ಳೆಯ ನಾಲಿಗೆ, ಒಳ್ಳೆಯ ಕೈ ಆಮೇಲೆ. ಯಾಕೆಂದರೆ ಕುರ್ಚಿಯಲ್ಲಿ ಕೂತವನಿಗೆ ತನ್ನ ತಲೆ ಕಾಣುವುದಿಲ್ಲ. ಎದುರಿಗೆ ಗೋಡೆಯಗಲದ ಕನ್ನಡಿ ಇದೆ, ದಿನಾ ಬೆಳಗ್ಗೆ ಹಳೇ ಪೇಪರಿನಲ್ಲಿ ನಾನೇ ಉಜ್ಜುತ್ತೇನೆ, ಒಂದು ಕಲೆ ಬಿಟ್ಟಿಲ್ಲ. ಆದರೆ ಅದರಲ್ಲಿ ಕಾಣುವುದು ನಿನ್ನೆ ಇದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಕೂತಿದ್ದವನು. ಗಾಣದ ಬಸಪ್ಪ ಬಂದು ಕೂತರೆ ಒಳಗೆ ನಿನ್ನೆಯ ಪೋಸ್ಟ್‌ಮ್ಯಾನ್ ಕತ್ತು ಚಾಚಿಕೊಂಡು ಕೂತಿರುತ್ತಾನೆ. ಬಸಪ್ಪ ಅವನ ಕ್ರಾಪನ್ನೇ ನೋಡುತ್ತಾ "ನಂಗೂ ಹಂಗೇ ಇಡು ಚೆಲುವಯ್ಯ" ಅನ್ನುತ್ತಾನೆ. ಇಡುವುದಕ್ಕೆ ಬಸಪ್ಪನ ತಲೆಯಲ್ಲಿ ಏನಾದರೂ ಉಳಿದಿದ್ದರೆ ತಾನೇ? ಆದರೂ ನಾನು ಗಾಳಿಯಲ್ಲಿ ಕತ್ತರಿ ಆಡಿಸುತ್ತೇನೆ, "ಮದುಮಗನ ಹಂಗೆ ಆದೆ ನೋಡು" ಅನ್ನುತ್ತೇನೆ. ಪೋಸ್ಟ್‌ಮ್ಯಾನನ ಕೂದಲು ತನ್ನದೇ ಎಂಬಂತೆ ಖುಷಿಪಟ್ಟುಕೊಂಡು ಬಸಪ್ಪ ಎದ್ದು ಹೋಗುತ್ತಾನೆ.

ಹೊಸ ಕನ್ನಡಿ ತಂದರೂ ಅಷ್ಟೇ. ಪೇಟೆಯಿಂದ ತಂದ ಹೊಸದರಲ್ಲಿ ನೆಟ್ಟಗಿರುತ್ತದೆ, ಆಮೇಲೆ ಅದಕ್ಕೂ ನಮ್ಮೂರ ಚಾಳಿ ಅಂಟಿಕೊಳ್ಳುತ್ತದೆ. ಹಾಗಾಗಿ ಮುಖ ನೋಡುವ ಕೆಲಸವನ್ನು ನಾವು ಕನ್ನಡಿಗೆ ಬಿಟ್ಟಿಲ್ಲ, ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತೇವೆ. ಬೀದಿಯಲ್ಲಿ ನಡೆದರೆ "ಅಕ್ಕಾ, ಕುಂಕುಮ ಎಡಕ್ಕೆ ಹೋಗೈತೆ", "ಅಣ್ಣಾ, ಮೀಸೇಲಿ ಅನ್ನದ ಅಗುಳು" ಎಂಬ ಮಾತು ಕೇಳುತ್ತಲೇ ಇರುತ್ತದೆ. ಹೇಳಿಸಿಕೊಂಡವರು ಸಿಟ್ಟಾಗುವುದಿಲ್ಲ, ಹೇಳದೆ ಹೋದರೆ ಸಿಟ್ಟಾಗುತ್ತಾರೆ. ಅತ್ತೆ ಸೊಸೆ ಎಷ್ಟೇ ಕಿತ್ತಾಡಿರಲಿ, ಮದುವೆಮನೆಗೆ ಹೊರಡುವ ಹೊತ್ತಿಗೆ ಎದುರುಬದುರು ನಿಂತು ಒಬ್ಬರ ಬೈತಲೆ ಇನ್ನೊಬ್ಬರು ತೆಗೆಯಲೇಬೇಕು. ಈಗ ಮೊಬೈಲಿನಲ್ಲಿ ಮುಖ ನೋಡಿಕೊಳ್ಳುವುದು ಬಂದಿದೆ. ಹುಡುಗಿಯರು ಅದರಲ್ಲೂ ನೋಡಿಕೊಳ್ಳುತ್ತಾರೆ, ನೋಡಿಕೊಂಡ ಮೇಲೆ "ಸರಿಗಿದೆಯೇನೇ?" ಎಂದು ಪಕ್ಕದವಳನ್ನು ಕೇಳುತ್ತಾರೆ.

ಕನ್ನಡಿಗೆ ದನಿ ಇಲ್ಲ. ಅದಕ್ಕೇ ತುಟಿ ಓದುವುದನ್ನು ನಮ್ಮ ಮಕ್ಕಳು ಅಆಇಈಗಿಂತ ಮೊದಲು ಕಲಿಯುತ್ತಾರೆ. "ನಾನೆಲ್ಲಿ ಹಂಗಂದೆ?" ಎಂದು ಗಂಡ ಜಾರಿಕೊಂಡರೆ ಹೆಂಡತಿ ಮರುದಿನ ಅದೇ ಹೊತ್ತಿಗೆ ರಟ್ಟೆ ಹಿಡಿದು ತಂದು ಕನ್ನಡಿ ಮುಂದೆ ನಿಲ್ಲಿಸುತ್ತಾಳೆ. ನನ್ನ ಹೆಂಡತಿ ಸಾಕಮ್ಮ ನನ್ನನ್ನು ಹಾಗೆ ನಿಲ್ಲಿಸಿದ್ದಕ್ಕೆ ಲೆಕ್ಕವಿಲ್ಲ.

ಇದರಿಂದಲೇ ಹುಟ್ಟಿದ ಇನ್ನೊಂದು ಪದ್ಧತಿ ಇದೆ. ಮನೆಗೆ ನೆಂಟರು ಬಂದರೆ ಕನ್ನಡಿಗೆ ಬಟ್ಟೆ ಮುಚ್ಚುತ್ತೇವೆ. ಬಂದವರಿಗೆ ಮನೆಯ ಇವತ್ತನ್ನು ತೋರಿಸಬೇಕು, ನಿನ್ನೆಯನ್ನಲ್ಲ. ನಿನ್ನೆ ಯಾರು ಅತ್ತರೋ, ಯಾರು ಯಾರ ಮೇಲೆ ಚೊಂಬು ಎಸೆದರೋ, ಅದೆಲ್ಲ ಕಾಫಿ ಕುಡಿಯುತ್ತಾ ನೋಡುವ ವಿಷಯವಲ್ಲ. ಹೆಣ್ಣು ನೋಡುವವರೋ ದೊಡ್ಡ ಮನುಷ್ಯರೋ ಬರುವುದಾದರಂತೂ ಹಿಂದಿನ ದಿನವೇ ಮುಚ್ಚಿಬಿಡುತ್ತೇವೆ. ಆಗ ಅಪ್ಪಿತಪ್ಪಿ ಬಟ್ಟೆ ಜಾರಿದರೂ ಒಳಗೆ ಕಾಣುವುದು ನಿನ್ನೆಯ ಬಟ್ಟೆಯೇ. ಮರ್ಯಾದೆಗೆ ಎರಡು ಬೀಗ ಹಾಕಿದ ಹಾಗೆ. ಪರವೂರಿನವರಿಗೆ ನಮ್ಮ ಕನ್ನಡಿಯ ಸುದ್ದಿಯೇ ಗೊತ್ತಿಲ್ಲದಿರುವುದು ಇದೇ ಕಾರಣಕ್ಕೆ. ಈ ಮರ್ಯಾದೆಯೇ ನಮ್ಮ ವನಮಾಲಳನ್ನು ಮುಳುಗಿಸಲು ಹೊರಟಿತ್ತು.

ವನಮಾಲ ಸೈಕಲ್ ಶಾಪಿನ ರೇವಣ್ಣನ ಮಗಳು. ರೇವಣ್ಣ ನನ್ನ ಸ್ನೇಹಿತ, ಆದರೆ ಗಿರಾಕಿಯಲ್ಲ. ಗಡ್ಡವನ್ನು ಮನೆಯಲ್ಲೇ ತಾನೇ ಕೆರೆದುಕೊಳ್ಳುತ್ತಿದ್ದ, ಎರಡು ದಿನಕ್ಕೊಮ್ಮೆ ಗಲ್ಲ ಕುಯ್ದುಕೊಂಡು ಬಂದು ನನ್ನ ಹತ್ತಿರ ಪಟಿಕ ಕೇಳುತ್ತಿದ್ದ. ಒಂದು ದಿನ ಹಾಗೆಯೇ ಬೆಳಗ್ಗೆ ಗಡ್ಡ ಕೆರೆದು, ತಿಂಡಿ ತಿಂದು, ಅಂಗಡಿಗೆ ಹೋದವನು ಪಂಪು ಹಿಡಿದುಕೊಂಡೇ ಕುಸಿದ. ವನಮಾಲ ಆಗ ಲಂಗ ತೊಡುವ ಮಗು.

ಸತ್ತವರ ಮನೆಯಲ್ಲಿ ಮರುದಿನ ನಾವು ಏನು ಮಾಡುತ್ತೇವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹಚ್ಚುವುದನ್ನು ಅಕ್ಕಪಕ್ಕದವರು ನೋಡಿಕೊಳ್ಳುತ್ತಾರೆ. ಮನೆಯವರು ಕನ್ನಡಿ ಮುಂದೆ ಕೂರುತ್ತಾರೆ. ರೇವಣ್ಣನ ಹೆಂಡತಿ ಜಯಶೀಲ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಳು. ರೇವಣ್ಣ ಬಂದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬ್ರಷ್ಷು. ಕೆನ್ನೆಗೆ ಸೋಪು ಹಚ್ಚಿದ. ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಮಗಳ ಕಡೆ ತಿರುಗಿ ಮೂಗಿನ ತುದಿಗೂ ಒಂದು ಚೂರು ನೊರೆ ಇಟ್ಟುಕೊಂಡ. ಕನ್ನಡಿಯೊಳಗಿನ ಮಗು ಹೊಟ್ಟೆ ಹಿಡಿದುಕೊಂಡು ನಕ್ಕಿತು, ಹೊರಗೆ ತೊಡೆಯ ಮೇಲಿದ್ದ ಮಗು ಅದನ್ನು ನೋಡುತ್ತಾ ಅತ್ತಿತು. ಆಮೇಲೆ ಅವನು ಮುಖ ಒರೆಸಿಕೊಂಡು, ಅಂಗಿ ಗುಂಡಿ ಹಾಕಿಕೊಂಡು, ಕನ್ನಡಿಯ ಅಂಚಿನಿಂದ ಆಚೆ ಹೋದ. ನಾನು ಬಾಗಿಲಲ್ಲಿ ನಿಂತಿದ್ದೆ, ಎಲ್ಲ ನೋಡಿದೆ. ಈಗಲೂ ಯಾರ ಕೆನ್ನೆಗಾದರೂ ಸೋಪು ಹಚ್ಚುವಾಗ ಅದು ನೆನಪಾಗಿ ಕೈ ಒಂದು ಕ್ಷಣ ನಿಲ್ಲುತ್ತದೆ.

ವನಮಾಲ ದೊಡ್ಡವಳಾಗಿ ಮದುವೆಗಳ ವಿಡಿಯೋ ತೆಗೆಯುವ ಕೆಲಸ ಹಿಡಿದಳು. ಸುತ್ತಿನ ಊರುಗಳಲ್ಲಿ ಅವಳು ವಿಡಿಯೋ ತೆಗೆಯದ ಧಾರೆ ಇಲ್ಲ. ಕೈಗೆ ನಾಲ್ಕು ಕಾಸು ಬಂದ ಮೇಲೆ, ಯಾವ ಕಂಪನಿಯನ್ನೂ ಕೇಳದೆ, ಯಾವ ನಟನ ಕಾಲಿಗೂ ಬೀಳದೆ, ತಾನೇ ಒಂದು ಸಿನಿಮಾ ಮಾಡಿದಳು. ಹೆಸರು "ಅಪ್ಪನ ಗಡ್ಡ". ಅಪ್ಪನ ಪಾತ್ರಕ್ಕೆ ನಾನೇ. "ಗಡ್ಡ ಕೆರೆಯೋಕೆ ನಿನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ ಮಾಮ?" ಅಂದಳು. ನಾನು ಉಬ್ಬಿಹೋದೆ. ಆಮೇಲೆ "ಸ್ವಲ್ಪ ಕೆಟ್ಟದಾಗಿ ಕೆರಕೋ, ಅಪ್ಪನಿಗೆ ಬರ್ತಿರಲಿಲ್ಲ" ಅಂದಳು. ಒಂದು ಬೆಳಗ್ಗೆ ನಾನು ಅವರ ಮನೆ ಕನ್ನಡಿ ಮುಂದೆ ನಿಂತು ಕೆಟ್ಟದಾಗಿ ಗಡ್ಡ ಕೆರೆದೆ, ಮೂಗಿಗೆ ನೊರೆ ಹಚ್ಚಿಕೊಂಡೆ, ಹೋದೆ. ಮರುದಿನ ಅದೇ ಹೊತ್ತಿಗೆ ಜಯಶೀಲ ಬಂದು ಅಲ್ಲಿ ಕೂತಳು, ವನಮಾಲ ಕ್ಯಾಮೆರಾ ಹೊತ್ತಳು. ಅಷ್ಟೇ. ಜಯಶೀಲಳಿಗೆ ನಟಿಸು ಅಂತ ಯಾರೂ ಹೇಳಲಿಲ್ಲ. ಸುಮ್ಮನೆ ನೋಡಿದಳು, ಕೊನೆಗೆ ಕೈ ಚಾಚಿ ಗಾಜಿನ ಮೇಲೆ ಆ ಮೂಗಿನ ನೊರೆಯನ್ನು ಒರೆಸಿದಳು. ಸಿನಿಮಾ ನೋಡಿದವರೆಲ್ಲ ಅತ್ತಿದ್ದು ಅಲ್ಲೇ.

ದೊಡ್ಡ ಊರಿನ ಚಿತ್ರೋತ್ಸವಕ್ಕೆ ಸಿನಿಮಾ ಆಯ್ಕೆಯಾಯಿತು. ನಾವು ಊರಿಗೆಲ್ಲ ಸಿಹಿ ಹಂಚಿದೆವು. ಹಂಚಿದ ಸಿಹಿ ಬಾಯಲ್ಲಿರುವಾಗಲೇ ಸುದ್ದಿ ಬಂತು: ವನಮಾಲ ಕಾಪಿ ಹೊಡೆದಿದ್ದಾಳಂತೆ. ರಘುಪತಿ ಐತಾಳರೆಂಬ ಹಿರಿಯ ನಿರ್ದೇಶಕರು ಬಹಳ ಹಿಂದೆಯೇ ಒಂದು ಸಿನಿಮಾ ಮಾಡಿದ್ದರಂತೆ. ಅದರಲ್ಲಿ ಹೆಂಡತಿ ಸತ್ತ ಗಂಡನೊಬ್ಬ ಕನ್ನಡಿ ಮುಂದೆ ಕೂರುತ್ತಾನೆ, ಒಳಗೆ ಹೆಂಡತಿ ತಲೆ ಬಾಚಿಕೊಳ್ಳುತ್ತಿರುತ್ತಾಳೆ. ಯಾರೋ ಪುಣ್ಯಾತ್ಮ ಎರಡೂ ಸಿನಿಮಾದ ಆ ತುಣುಕುಗಳನ್ನು ಅಕ್ಕಪಕ್ಕ ಜೋಡಿಸಿ ಎಲ್ಲರ ಮೊಬೈಲಿಗೂ ಬಿಟ್ಟಿದ್ದ. "ಗಂಡನ ಜಾಗಕ್ಕೆ ಹೆಂಡತಿ, ಬಾಚಣಿಗೆ ಜಾಗಕ್ಕೆ ರೇಜರು. ಇಷ್ಟೇ ಇವಳ ಸ್ವಂತದ್ದು" ಎಂದು ಕೆಳಗೆ ಬರೆದಿದ್ದ.

ವನಮಾಲ ಉತ್ಸವದವರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ನಮ್ಮೂರ ಕನ್ನಡಿಗಳು ಹಾಗೇ. ಅವರು ನಕ್ಕರಂತೆ. ವಿಡಿಯೋ ತೋರಿಸಿದಳು. "ವಿಡಿಯೋದಲ್ಲಿ ಏನು ಬೇಕಾದರೂ ಮಾಡಬಹುದಮ್ಮ, ನೀವೇ ಸಿನಿಮಾದವರು" ಅಂದರಂತೆ. ಕೊನೆಗೆ ಅವಳು ಹಟ ಹಿಡಿದ ಮೇಲೆ ಒಂದು ತೀರ್ಮಾನಕ್ಕೆ ಬಂದರು. ಐತಾಳರೇ ಅವಳ ಜೊತೆ ಹೋಗಿ ನೋಡಿ ಬರಲಿ, ಅವರ ಮಾತೇ ಕೊನೆ.

ಅಷ್ಟರಲ್ಲಿ ಅವಳು ಐತಾಳರ ಸಿನಿಮಾವನ್ನು ಮೊದಲ ಸಲ ನೋಡಿದ್ದಳು. ನೋಡಿ ಮುಗಿಸಿದವಳೇ ನನಗೆ ಫೋನು ಮಾಡಿದಳು.

"ಕೆಟ್ಟ ಸಿನಿಮಾ ಆಗಿದ್ದಿದ್ರೆ ಚೆನ್ನಾಗಿತ್ತು ಮಾಮ. ತುಂಬಾ ಚೆನ್ನಾಗೈತೆ. ಪೂರ್ತಿ ಅತ್ಕೊಂಡೇ ನೋಡಿದೆ. ಅವರ ಮೇಲೆ ಸಿಟ್ಟು ಮಾಡ್ಕೊಳ್ಳೋಣ ಅಂದ್ರೂ ಆಗ್ತಿಲ್ಲ."

"ಬಹುಮಾನ ಹೋದ್ರೆ ಹೋಗ್ಲಿ ಬಿಡು ಕಣವ್ವ," ಅಂದೆ.

"ಬಹುಮಾನ ಯಾವನಿಗೆ ಬೇಕು? ನಮ್ಮಪ್ಪನ್ನ ಕದ್ದ ಮಾಲು ಅಂತಿದಾರೆ. ಅವ್ವ ಕೂತಿದ್ದ ಆ ಬೆಳಗ್ಗೇನ ಬೇರೆ ಯಾರ್ದೋ ಅಂತಿದಾರೆ. ನಂಗೆ ಅದು ತಡೆಯೋಕಾಗ್ತಿಲ್ಲ."

ಐತಾಳರು ಬರುವ ದಿನ ಗೊತ್ತಾಯಿತು. ಇಲ್ಲಿ ನಾವೆಲ್ಲ ಸೇರಿ ನಿರ್ಧಾರ ಮಾಡಿದೆವು: ಬರುವವರು ಹಿರಿಯರು, ನಮ್ಮ ಮಗಳ ಮಾನ ಅವರ ಕೈಯಲ್ಲಿದೆ, ಅವರಿಗೆ ಒಂದು ಕುಂದು ಕಾಣಬಾರದು. ಬೀದಿಗೆ ನೀರು ಹಾಕಿದೆವು. ಒಬ್ಬಟ್ಟಿಗೆ ಬೇಳೆ ಬೇಯಿಸಿದೆವು. ಇನ್ನೇನು, ಹಿಂದಿನ ದಿನ ಕೋಳಿ ಕೂಗುವ ಹೊತ್ತಿಗೇ ಊರಿನ ಒಂದೊಂದು ಕನ್ನಡಿಗೂ ಬಟ್ಟೆ ಮುಚ್ಚಿದೆವು. ಜಯಶೀಲ ತನ್ನ ಮನೆಯದಕ್ಕೆ ರೇವಣ್ಣನ ಬಿಳೀ ಪಂಚೆ ಹಾಕಿದಳು. ನನ್ನ ಅಂಗಡಿಯ ದೊಡ್ಡ ಕನ್ನಡಿಗೆ ಸಾಕಮ್ಮ ಮಗಳ ಬಾಣಂತನಕ್ಕೆಂದು ತಂದಿದ್ದ ನವಿಲಿನ ಬೆಡ್‌ಶೀಟ್ ಇಳಿಬಿಟ್ಟಳು. ಆ ಮನುಷ್ಯ ಬರುತ್ತಿರುವುದೇ ಕನ್ನಡಿ ನೋಡಲು ಎಂಬುದು ಒಬ್ಬರ ತಲೆಗಾದರೂ ಹೊಳೆಯಬೇಕಲ್ಲ? ಹೊಳೆಯಲಿಲ್ಲ. ದೊಡ್ಡವರು ಬರುತ್ತಾರೆ ಅಂದರೆ ನಮ್ಮ ಕೈ ತಾನಾಗಿ ಬಟ್ಟೆ ಹುಡುಕುತ್ತದೆ.

ಮಧ್ಯಾಹ್ನದ ಬಸ್ಸಿನಿಂದ ಇಬ್ಬರೂ ಇಳಿದರು, ಐತಾಳರು ಸಂಜೆಯ ಬಸ್ಸಿಗೇ ವಾಪಸ್ಸು ಹೊರಡಬೇಕಿತ್ತು. ಐತಾಳರು ಸಣಕಲು ದೇಹದ, ಬೆಳ್ಳಿ ಕೂದಲಿನ ಮನುಷ್ಯ. ಖಾದಿ ಜುಬ್ಬ, ದಪ್ಪ ಕನ್ನಡಕ. ಮಾತು ಮೆತ್ತಗೆ. ದೊಡ್ಡ ಮನುಷ್ಯರ ಜರ್ಬು ಏನೂ ಇರಲಿಲ್ಲ, ಇದ್ದಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ನೇರವಾಗಿ ಜಯಶೀಲಳ ಮನೆಗೆ ಕರೆದುಕೊಂಡು ಹೋದೆವು. ಒಳಗೆ ಕಾಲಿಟ್ಟ ವನಮಾಲ ಗೋಡೆ ನೋಡಿದಳು, ಮುಖ ಬಿಳಿಚಿಕೊಂಡಿತು.

"ಅವ್ವಾ... ಮುಚ್ಚಿದ್ದೀಯಾ?"

"ಮತ್ತೆ? ಮನೆಗೆ ದೊಡ್ಡೋರು ಬರುವಾಗ ತೆರೆದಿಡ್ತಾರೇನೇ?"

"ಯಾವಾಗ ಮುಚ್ಚಿದೆ?"

"ನಿನ್ನೆ ಬೆಳಗ್ಗೇನೆ," ಎಂದಳು ಜಯಶೀಲ, ಒಳ್ಳೆಯ ಕೆಲಸ ಮಾಡಿದವಳ ಹಾಗೆ. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅರ್ಥವಾಯಿತು. ಸೆರಗು ಬಾಯಿಗೆ ಹೋಯಿತು. ನನಗೂ ಆಗಲೇ ಅರ್ಥವಾದದ್ದು.

ವನಮಾಲ ಪಂಚೆಯನ್ನು ಎಳೆದುಹಾಕಿದಳು. ಒಳಗೆ ಇನ್ನೊಂದು ಪಂಚೆ. ಐತಾಳರು ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ ನೋಡಿದರು. ಗಾಜಿನ ತುಂಬ ಬರೀ ಬಿಳುಪು.

"ಇದು ಕನ್ನಡಿಯಾ ಅಮ್ಮ? ಪಾದರಸ ಹೋದ ಹಾಗೆ ಕಾಣ್ತದೆ."

"ಅಲ್ಲ ಸಾರ್, ಅದು ನಿನ್ನೆಯ ಪಂಚೆ," ಎಂದಳು ಜಯಶೀಲ. ಹೇಳುತ್ತಿದ್ದ ಹಾಗೇ ಆ ಮಾತು ಎಷ್ಟು ಹುಚ್ಚುಹುಚ್ಚಾಗಿ ಕೇಳುತ್ತಿದೆ ಎಂದು ನಮಗೆಲ್ಲ ಗೊತ್ತಾಯಿತು. ಐತಾಳರು ಮರ್ಯಾದಸ್ಥರು, ನಗಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ವನಮಾಲ ಅವರ ಕೈ ಹಿಡಿದು ಮನೆಯಿಂದ ಮನೆಗೆ ಕರೆದುಕೊಂಡು ಹೋದಳು. ಪೋಸ್ಟ್‌ಮ್ಯಾನನ ಮನೆಯಲ್ಲಿ ಬಟ್ಟೆ ಎಳೆದರೆ ಒಳಗೆ ಹೂವಿನ ಟವೆಲ್ಲು. ಬಸಪ್ಪನ ಮನೆಯಲ್ಲಿ ಚೌಕುಳಿ ಲುಂಗಿ. ಮೇಷ್ಟರ ಮನೆಯಲ್ಲಿ ಅವರ ಹೆಂಡತಿಯ ಕಂಚಿ ರೇಷ್ಮೆ, ಅದನ್ನು ಎಳೆದದ್ದಕ್ಕೆ ಆಕೆ ಮೂತಿ ತಿರುವಿದ್ದೂ ಆಯಿತು. ಐತಾಳರು ಪ್ರತಿ ಕನ್ನಡಿಯ ಮುಂದೆಯೂ ನಿಂತು, ತಲೆಯಾಡಿಸಿ, ಕೊನೆಗೆ ನನ್ನನ್ನು ಕೇಳಿದರು: "ನಿಮ್ಮೂರಲ್ಲಿ ಬಟ್ಟೆಗಳಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕುವ ರೂಢಿ ಉಂಟಾ?" ನಾನು ನನ್ನ ಅಂಗಡಿಯ ಕಡೆ ಕೈ ತೋರಿಸಿದೆ. ವನಮಾಲಳ ಕಡೆ ನೋಡಲು ಧೈರ್ಯ ಬರಲಿಲ್ಲ.

ಕೊನೆಗೆ ಉಳಿದದ್ದು ನನ್ನ ಅಂಗಡಿ. ಐತಾಳರಿಗೆ ಸುಸ್ತಾಗಿತ್ತು, ಕುರ್ಚಿಯಲ್ಲಿ ಕೂತರು. ಊರಿನ ಅರ್ಧ ಜನ ಬಾಗಿಲಲ್ಲಿ ತುಂಬಿಕೊಂಡಿದ್ದರು. ವನಮಾಲ ನವಿಲಿನ ಬೆಡ್‌ಶೀಟನ್ನು ಕಿತ್ತಳು, ಒಳಗೆ ನವಿಲುಗಳೇ. ಅವಳು ಕೈ ಚೆಲ್ಲಿ ಗೋಡೆಗೆ ಒರಗಿದಳು.

"ಇರಲಿ ಅಮ್ಮ," ಎಂದರು ಐತಾಳರು. ದನಿಯಲ್ಲಿ ನಿಜವಾದ ಮರುಕವಿತ್ತು. "ನೀವು ಒಳ್ಳೆಯ ಸಿನಿಮಾ ಮಾಡಿದ್ದೀರಿ. ಯಾರದೋ ನೋಡಿ ಕಲಿತದ್ದು ಅಂತ ಒಪ್ಪಿಕೊಂಡರೆ ತಪ್ಪೇನೂ ಇಲ್ಲ. ನನಗಂತೂ ಬೇಜಾರಿಲ್ಲ ಮಾರಾಯ್ತಿ."

ಆ ಮಾತಿಗೆ ವನಮಾಲ ಏನು ಹೇಳುತ್ತಿದ್ದಳೋ ಗೊತ್ತಿಲ್ಲ. ಅಷ್ಟರಲ್ಲಿ ಕನ್ನಡಿಯೊಳಗಿನ ನವಿಲುಗಳು ಅಲುಗಿದವು. ಬೆಡ್‌ಶೀಟಿನ ಒಂದು ಮೂಲೆ ಮೇಲೆದ್ದಿತು. ಅದರ ಸಂದಿಯಿಂದ ಒಂದು ಮುಖ ಒಳಕ್ಕೆ ತೂರಿ, ಐತಾಳರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಕಣ್ಣು ಕಿಸಿದು ನೋಡಿತು. ನನ್ನದೇ ಮುಖ. ಕುರುಚಲು ಗಡ್ಡ, ಹರಿದ ಬನಿಯನ್, ಕೆನ್ನೆಯೊಳಗೆ ಉಬ್ಬಿದ ಅರ್ಧ ಬೋಂಡ. ನಿನ್ನೆ ಇದೇ ಹೊತ್ತಿಗೆ ಬೆಡ್‌ಶೀಟಿನ ಹಿಂದೆ ಸಿಕ್ಕಿಕೊಂಡ ಬಾಚಣಿಗೆ ತೆಗೆಯಲು ನಾನು ಕತ್ತು ತೂರಿಸಿದ್ದೆ. ಮುಚ್ಚಿದ ಬಟ್ಟೆ ಎತ್ತಬಾರದೆಂದು ಸಾಕಮ್ಮ ಬಾಯಿ ಬಡಿದುಕೊಂಡಿದ್ದರೂ ಎತ್ತಿದ್ದೆ.

"ಅಯ್ಯಯ್ಯೋ!" ಎಂದು ಐತಾಳರು ಕುರ್ಚಿಯಲ್ಲೇ ಹಿಂದಕ್ಕೆ ಸರಿದರು. ಹಿಂತಿರುಗಿ ನನ್ನನ್ನು ನೋಡಿದರು. ನಾನು ನುಣ್ಣಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಕೈಮುಗಿದು ನಿಂತಿದ್ದೆ. ಮತ್ತೆ ಕನ್ನಡಿ ನೋಡಿದರು. ಒಳಗಿನ ನಾನು ಬೋಂಡ ನುಂಗಿ, ಬಾಚಣಿಗೆ ತಡಕಿ ತೆಗೆದುಕೊಂಡು, ಕತ್ತು ಹಿಂದೆಳೆದುಕೊಂಡ. ನವಿಲುಗಳು ಮತ್ತೆ ಸುಮ್ಮನಾದವು. ಗಾಜಿನಲ್ಲಿ ಐತಾಳರು ಎಲ್ಲೂ ಇರಲಿಲ್ಲ.

ಅವರು ಗಾಜನ್ನು ಮುಟ್ಟಿದರು. ಬೆರಳಿನಿಂದ ತಟ್ಟಿದರು. ಕನ್ನಡಿಯ ಹಿಂದೆ ಕೈ ಹಾಕಿ ಗೋಡೆಯನ್ನು ಸವರಿ ನೋಡಿದರು. ಆಮೇಲೆ ಮತ್ತೆ ಕುರ್ಚಿಯಲ್ಲಿ ಕೂತು, "ನಿನ್ನೆಯದಾ?" ಎಂದರು.

"ನಿನ್ನೇದು ಸಾರ್," ಅಂದೆ.

ಅವರು ಜಯಶೀಲಳ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಯಜಮಾನರು... ಹೀಗೇ ಬಂದರಾ?"

"ಒಂದು ದಿನ ಬಂದಿದ್ರು ಸಾರ್. ಮೂಗಿಗೆ ನೊರೆ ಹಚ್ಕೊಂಡು ಮಗೀನ ನಗಿಸ್ತಿದ್ರು. ಆಮೇಲೆ ಹೋದ್ರು. ನೋಡಿದ್ಮೇಲೆ ನಂಗೂ ಮನಸ್ಸು ಸ್ವಲ್ಪ ಗಟ್ಟಿಯಾಯ್ತು."

ಐತಾಳರು ತಲೆ ತಗ್ಗಿಸಿದರು. "ಸ್ವಲ್ಪ ಹೊತ್ತು ನನ್ನನ್ನ ಒಬ್ಬನನ್ನೇ ಬಿಡ್ತೀರಾ?" ಅಂದರು. ನಾವೆಲ್ಲ ಹೊರಗೆ ಬಂದೆವು, ನಾನೇ ಬಾಗಿಲು ಎಳೆದುಕೊಂಡೆ.

ಅವರು ಹೊರಬರುವ ಹೊತ್ತಿಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಐತಾಳರು ಯಾರ ಮುಖವನ್ನೂ ನೋಡಲಿಲ್ಲ. ವನಮಾಲ ಎರಡು ಹೆಜ್ಜೆ ಮುಂದೆ ಹೋಗಿ "ಸರ್..." ಎಂದಳು. ಅವರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಅವಳ ತಲೆ ಮುಟ್ಟಲು ಎತ್ತಿದ ಕೈಯನ್ನೂ ಹಿಂದಕ್ಕೆ ತೆಗೆದುಕೊಂಡು ಬಸ್ಸು ಹತ್ತಿದರು. ಬಸ್ಸು ಹೋಯಿತು. ಮಾಡಿಟ್ಟ ಒಬ್ಬಟ್ಟು ಹಾಗೇ ಉಳಿಯಿತು.

ಬೀದಿಯವರೆಲ್ಲ ಸೇರಿ ಅವರಿಗೆ ಮಂಗಳಾರತಿ ಎತ್ತಿದರು. "ಕಣ್ಣಾರೆ ಕಂಡು ಬಾಯಿ ಹೊಲಿದುಕೊಂಡು ಹೋದನಲ್ಲ" ಎಂದ ಬಸಪ್ಪ. "ತನ್ನ ಹೆಸರು ಮಾಸುತ್ತೆ ಅಂತ ಭಯ" ಎಂದರು ಮೇಷ್ಟರು. ನಾನೂ ಕಡಿಮೆ ಬೈಯಲಿಲ್ಲ. ವನಮಾಲ ಮಾತ್ರ ಬೈಯಲಿಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು. ಚಿಕ್ಕವಳಿದ್ದಾಗ ಕೂದಲು ಕತ್ತರಿಸಿಕೊಳ್ಳಲು ಹೆದರಿ ಅದೇ ಮೆಟ್ಟಿಲಲ್ಲಿ ಹಾಗೇ ಕೂರುತ್ತಿದ್ದಳು. ಅವಳ ಬೆನ್ನು ಸವರುವುದು ಬಿಟ್ಟು ನನ್ನ ಕೈಲಿ ಏನೂ ಆಗಲಿಲ್ಲ.

ಮರುದಿನ ಅಂಗಡಿ ತೆಗೆದೆನಾದರೂ ಕೆಲಸ ಸಾಗಲಿಲ್ಲ. ಊಟ ತಂದ ಸಾಕಮ್ಮ ಬುತ್ತಿ ಬಿಚ್ಚುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಅಲ್ರೀ, ನಿನ್ನೆ ಅವರು ಒಬ್ಬರೇ ಒಳಗೆ ಕೂತಿದ್ದಾಗ ಕನ್ನಡಿ ತೆರೆದೇ ಇತ್ತಲ್ವಾ?"

ನಾನು ಅನ್ನ ಬಿಟ್ಟು ಎದ್ದೆ. ಮೈಕು ಹಿಡಿದು ಸಾರಿದ್ದರೂ ಅಷ್ಟು ಬೇಗ ಸುದ್ದಿ ಹರಡುತ್ತಿರಲಿಲ್ಲ. ಹೊತ್ತಿಗೆ ಮುಂಚೆಯೇ ಅಂಗಡಿ ತುಂಬಿತು. ವನಮಾಲಳನ್ನೂ ಜಯಶೀಲಳನ್ನೂ ಮುಂದೆ ಕೂರಿಸಿದೆವು. ಕನ್ನಡಿಯಲ್ಲಿ ಮೊದಲು ನವಿಲುಗಳು, ಆಮೇಲೆ ಬಟ್ಟೆ ಕೀಳುತ್ತಿರುವ ವನಮಾಲಳ ಕೈ, ಬೆಚ್ಚಿ ಬೀಳುವ ಐತಾಳರು, ಹಿಂದೆ ಕೈಮುಗಿದು ನಿಂತ ನಾನು. ಎಲ್ಲ ಬಂತು. ನಾವೆಲ್ಲ ಹೊರಗೆ ಹೋದೆವು. ಐತಾಳರು ಒಬ್ಬರೇ ಉಳಿದರು.

ಅವರು ಕನ್ನಡಕ ತೆಗೆದರು, ಜುಬ್ಬದ ತುದಿಯಿಂದ ಕಣ್ಣು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನೆಟ್ಟಗೆ ನಮ್ಮನ್ನೇ ನೋಡಿದರು. ತುಟಿ ಅಲುಗಿತು. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೇ ಓದಿದೆವು, ಮಕ್ಕಳು ಮಗ್ಗಿ ಹೇಳುವ ಹಾಗೆ ಜೋರಾಗಿ.

"ವನಮಾಲಾ, ಇದನ್ನ ನೀವು ನಾಳೆ ನೋಡ್ತೀರಿ ಅಲ್ಲವಾ? ಎದುರಿಗೆ ಹೇಳುವುದಕ್ಕೆ ನನಗೆ ಬಾಯಿ ಬರಲಿಕ್ಕಿಲ್ಲ. ನನಗೂ ಒಂದು ಸಲ ಕನ್ನಡಿಯೊಳಗಿಂದ ಮಾತಾಡಬೇಕು ಅಂತ ಆಸೆಯಾಯ್ತು."

ಅವರು ನಿಲ್ಲಿಸಿದರು. ನಾವೂ ನಿಲ್ಲಿಸಿದೆವು. ವನಮಾಲಳ ಚೀಲದಲ್ಲಿ ಫೋನ್ ರಿಂಗಾಗತೊಡಗಿತು, ಅವಳು ಅತ್ತ ನೋಡಲೇ ಇಲ್ಲ.

"ನನ್ನ ಹೆಂಡತಿ ಹೋದ ಮರುದಿನ ನಾನೂ ಕನ್ನಡಿ ಮುಂದೆ ಕೂತೆ. ಅದರಲ್ಲಿ ಬರೀ ನಾನಿದ್ದೆ. ಅದನ್ನ ತಾಳಲಾರದೆ ಸಿನಿಮಾ ಕಟ್ಟಿದೆ. ನಿಮ್ಮ ಅಮ್ಮನಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ, ಅದಕ್ಕೆ ಕಟ್ಟಿಕೊಂಡೆ. ಕಾಪಿ ಹೊಡೆದದ್ದು ಯಾರು ಅಂದರೆ ನಾನೇ ಮಗಳೇ, ಗೊತ್ತಿಲ್ಲದೆ. ನೀವು ಇದನ್ನ ನೋಡುವ ಹೊತ್ತಿಗೆ ಉತ್ಸವದವರಿಗೆ ಹೇಳಿ ಮುಗಿಸಿರ್ತೇನೆ. ಆ ನೊರೆ ನಿಮ್ಮ ಅಪ್ಪಂದೇ. ಅದನ್ನ ಒರೆಸಿದ ಕೈ ನಿಮ್ಮ ಅಮ್ಮಂದೇ."

ಓದುತ್ತಿದ್ದವರ ದನಿ ಒಂದೊಂದಾಗಿ ಇಳಿಯಿತು. ಕೊನೆಯ ಮಾತನ್ನು ಓದಿದ್ದು ಜಯಶೀಲ ಒಬ್ಬಳೇ. ಐತಾಳರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನಮಸ್ಕಾರ ಮಾಡಿದೆವು. ಅದು ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಮಾಡಿದೆವು. ನಿನ್ನೆ ಹೊಟ್ಟೆ ತುಂಬ ಬೈದಿದ್ದ ಬಸಪ್ಪ ಗೊಳೋ ಎಂದು ಅತ್ತ. ನಾನು ಅವನ ಪಕ್ಕದಲ್ಲಿದ್ದೆ, ನನ್ನದೇನೂ ಬೇರೆ ಕಥೆಯಲ್ಲ.

ಹೊರಡುವ ಮುಂಚೆ ಅವರು ನನ್ನ ಬಾಚಣಿಗೆ ತೆಗೆದುಕೊಂಡರು. ನಾಲ್ಕು ಜನರ ಮುಂದೆ ಹೋಗುವುದಕ್ಕೆ ಮೊದಲು ಯಾರಾದರೂ ಮಾಡುವ ಹಾಗೆ ಕೂದಲು ಸರಿಮಾಡಿಕೊಳ್ಳಲು ನೋಡಿದರು. ಅವರ ಎದುರಿಗೆ ಆಗ ಇದ್ದದ್ದು ಬರೀ ನವಿಲುಗಳು. ಅಂದಾಜಿನ ಮೇಲೆ ಬೈತಲೆ ತೆಗೆದರು. ಅದು ಕಿವಿಯ ಕಡೆಯಿಂದ ಹೊರಟು ನೆತ್ತಿಯ ಹತ್ತಿರ ದಾರಿ ತಪ್ಪಿ ಇನ್ನೆಲ್ಲಿಗೋ ಹೋಯಿತು. "ಸೊಟ್ಟ ಆಯ್ತು ಸಾರ್," ಎಂದು ನಾನು ಎದ್ದೇಬಿಟ್ಟೆ, ಸರಿಮಾಡಲು ಕೈ ಚಾಚಿದೆ. ಬೆರಳಿಗೆ ತಣ್ಣನೆಯ ಗಾಜು ತಗುಲಿತು. ಅವರು ಬಾಗಿಲು ತೆಗೆದು ಹೊರಗೆ ಹೋದರು.

ಆಗ ನಮಗೆಲ್ಲ ನೆನಪಾಯಿತು. ನಿನ್ನೆ ಆ ಮನುಷ್ಯ ಅದೇ ಸೊಟ್ಟ ಬೈತಲೆಯಲ್ಲಿ ನಮ್ಮ ಮುಂದೆ ಹಾದು ಹೋಗಿದ್ದರು. ಬೀದಿಯ ತುಂಬ ನಾವಿದ್ದೆವು. ಶತ್ರುವಿನ ಕುಂಕುಮ ಜಾರಿದರೂ ಕರೆದು ಹೇಳುವ ನಾವು, ಒಬ್ಬರೂ ಅವರಿಗೆ ಹೇಳಲಿಲ್ಲ. ಹಾಗೇ ಬಸ್ಸು ಹತ್ತಿಸಿ, ಹಾಗೇ ದೊಡ್ಡ ಊರಿಗೆ ಕಳಿಸಿದೆವು. ನಮ್ಮೂರಿಗೆ ಬಂದು ಹಾಗೆ ಹೋದವರು ಅವರೊಬ್ಬರೇ ಇರಬೇಕು. ಸಾಕಮ್ಮ ಹಣೆ ಚಚ್ಚಿಕೊಂಡಳು. ಮುಚ್ಚಿದ ಬಟ್ಟೆಗಿಂತ ಈ ವಿಷಯಕ್ಕೇ ನಮಗೆ ಹೆಚ್ಚು ನಾಚಿಕೆಯಾಯಿತು.

ಅಂಗಡಿಯಲ್ಲಿ ಆಗ ವನಮಾಲಳಿಗೆ ಫೋನು ಮಾಡಿದ್ದವರು ಉತ್ಸವದವರೇ, ಕಾಪಿಯ ಮಾತು ಬಿದ್ದುಹೋಯಿತು ಎಂದು ಹೇಳಲು. ಸಿನಿಮಾ ತೋರಿಸುವ ದಿನ ವನಮಾಲಳೂ ಜಯಶೀಲಳೂ ಹೋದರು, ಜೊತೆಗೆ ಸಾಕಮ್ಮ ಕಟ್ಟಿಕೊಟ್ಟ ಒಬ್ಬಟ್ಟಿನ ಡಬ್ಬ. ನಾನು ಅಂಗಡಿ ಬಿಟ್ಟು ಹೋಗುವ ಹಾಗಿರಲಿಲ್ಲ, ಫೋನಿಗೆ ಕಾದುಕೊಂಡು ಕೂತೆ. ಸಂಜೆ ಅವಳ ದನಿ ಬಂತು. ಹಿಂದೆ ಜನರ ಗಲಾಟೆ. ಐತಾಳರೇ ವೇದಿಕೆ ಹತ್ತಿ ಅವಳ ಸಿನಿಮಾದ ಬಗ್ಗೆ ಮಾತಾಡಿದರಂತೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

"ಅದೆಲ್ಲ ಇರ್ಲಿ ಕಣವ್ವ," ಅಂದೆ. "ಅವರ ಬೈತಲೆ ಹೆಂಗಿತ್ತು?"

ಅವಳು ನಕ್ಕಳು. ಬಾಗಿಲ ಹತ್ತಿರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆ ಮಗುವಿನ ನಗುವೇ ಅದು.

"ಸೊಟ್ಟಗೇ ಇತ್ತು ಮಾಮ. ಮನೇಲಿ ಹೇಳೋರು ಯಾರಿದಾರೆ ಅವರಿಗೆ? ವೇದಿಕೆ ಹತ್ತೋ ಮುಂಚೆ ಅವ್ವನೇ ಕರೆದು ನಿಲ್ಲಿಸ್ಕೊಂಡು, ತನ್ನ ಬಾಚಣಿಗೇಲಿ ಸರಿ ಮಾಡಿ ಕಳಿಸಿದ್ಲು."